ಸ್ಕ್ಯಾನಿಂಗ್ ಯಂತ್ರದೊಳಗಿನ ಸೀಸ: ನಿಷೇಧದ ಎರಡು ದಶಕಗಳ ನಂತರವೂ ವಿನಾಯಿತಿ ಏಕೆ?

ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ಐರೋಪ್ಯ ಒಕ್ಕೂಟದ ನಿಯಮ ಜಾರಿಗೆ ಬಂದದ್ದು 2006ರ ಜುಲೈ 1ರಂದು. ‘ರೋಹ್ಸ್’ ಎಂಬ ಹೆಸರಿನಿಂದ ಉದ್ಯಮದವರಿಗೆಲ್ಲ ಪರಿಚಿತವಾದ ಆ ನಿಯಮದ ಪ್ರಕಾರ, ಉಪಕರಣದ ಯಾವುದೇ ಏಕರೂಪದ ವಸ್ತುವಿನಲ್ಲಿ ತೂಕದ ಶೇ 0.1ಕ್ಕಿಂತ ಹೆಚ್ಚು ಸೀಸ ಇರುವಂತಿಲ್ಲ. ಅದರ ಪರಿಣಾಮವಾಗಿ ಮೊಬೈಲ್, ಟಿವಿ, ಕಂಪ್ಯೂಟರ್‌ಗಳ ಸರ್ಕ್ಯೂಟ್ ಬೋರ್ಡ್‌ಗಳ ಬೆಸುಗೆಯಲ್ಲಿದ್ದ ಸೀಸ ಬಹುಮಟ್ಟಿಗೆ ಮಾಯವಾಯಿತು. ಆದರೆ 2025ರ ಕೊನೆಯಲ್ಲಿ ಅದೇ ಒಕ್ಕೂಟವು ಸೀಸದ ವಿನಾಯಿತಿಗಳ ಪಟ್ಟಿಯನ್ನು ಪರಿಷ್ಕರಿಸಿದಾಗ, ಸ್ಕ್ಯಾನಿಂಗ್ ಯಂತ್ರಗಳಲ್ಲಿ ಬಳಸುವ, ಒತ್ತಿದರೆ ವಿದ್ಯುತ್ ಕೊಡುವ ಪೀಜೋಎಲೆಕ್ಟ್ರಿಕ್ ಸೆರಾಮಿಕ್‌ಗಳಿಗೆ ಮತ್ತೊಮ್ಮೆ ಸೀಮಿತ ಅವಧಿಯ ವಿನಾಯಿತಿ ದೊರೆಯಿತು. ಈ ಸೆರಾಮಿಕ್‌ಗಳಲ್ಲಿ ಮುಖ್ಯವಾದ ಲೆಡ್ ಜಿರ್ಕೋನೇಟ್ ಟೈಟನೇಟ್, ಅಂದರೆ ಪಿಝೆಡ್‌ಟಿ, ತನ್ನ ತೂಕದ ಶೇ 60ಕ್ಕೂ ಹೆಚ್ಚು ಪಾಲು ಸೀಸವನ್ನೇ ಹೊಂದಿದೆ. ಅದು ಕಾನೂನಿನ ಮಿತಿಯ 600 ಪಟ್ಟಿಗೂ ಮೀರಿದ ಪ್ರಮಾಣ. ಇದೇ ಪಿಝೆಡ್‌ಟಿಯನ್ನು ಒಕ್ಕೂಟದ ರಾಸಾಯನಿಕ ಸಂಸ್ಥೆಯು 2012ರ ಡಿಸೆಂಬರ್‌ನಲ್ಲಿ ಅತ್ಯಂತ ಕಳವಳಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತ್ತು ಎಂಬುದನ್ನೂ ನೆನೆದರೆ ಓದುಗರ ಗೊಂದಲ ಸಹಜವೇ ಆಗಿದೆ.

ವಿಷಕಾರಿ ಎಂದು ಒಪ್ಪಿಕೊಂಡ ವಸ್ತುವಿಗೆ ವಿನಾಯಿತಿ ಕೊಡುವುದು ಕೇವಲ ಉದ್ಯಮದ ಒತ್ತಡದ ಫಲವೇ? ಒತ್ತಡ ಇದ್ದದ್ದು ನಿಜ. ಆದರೆ ಮೂಲ ಕಾರಣ ಹರಳಿನೊಳಗಿನ ಭೌತವಿಜ್ಞಾನದಲ್ಲಿದೆ. ಅದನ್ನು ಅರಿಯದೆ ಈ ನಿರ್ಧಾರವನ್ನು ಹೊಗಳುವುದೂ ತೆಗಳುವುದೂ ಕಷ್ಟ.

ಒಂದೇ ರಚನೆ, ಎರಡು ಬಗೆಯ ಕೆಲಸ

ಪೆರೋವ್‌ಸ್ಕೈಟ್ ಎಂಬುದು ಒಂದು ಹರಳಿನ ರಚನೆಯ ಹೆಸರು. 1839ರಲ್ಲಿ ಉರಾಲ್ ಪರ್ವತಗಳಲ್ಲಿ ಸಿಕ್ಕ ಕ್ಯಾಲ್ಸಿಯಂ ಟೈಟನೇಟ್ ಖನಿಜಕ್ಕೆ ರಷ್ಯಾದ ಖನಿಜಾಸಕ್ತ ಲೆವ್ ಪೆರೋವ್‌ಸ್ಕಿಯ ಹೆಸರಿಟ್ಟರು. ಅದೇ ಬಗೆಯ ಜೋಡಣೆಯುಳ್ಳ ಸಂಯುಕ್ತಗಳೆಲ್ಲ ಈಗ ಆ ಹೆಸರಿನಿಂದಲೇ ಪರಿಚಿತ. ಒಂದು ಪುಟ್ಟ ಘನಾಕೃತಿಯ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಬಹುದು. ಎಂಟು ಮೂಲೆಗಳಲ್ಲಿ ಬೇರಿಯಂ ಅಥವಾ ಸೀಸದಂತಹ ದೊಡ್ಡ ಅಯಾನುಗಳು, ಆರು ಮುಖಗಳ ನಡುವೆ ಆಮ್ಲಜನಕ, ಪೆಟ್ಟಿಗೆಯ ನಟ್ಟನಡುವೆ ಟೈಟೇನಿಯಂನಂತಹ ಚಿಕ್ಕ ಅಯಾನು. ಉಷ್ಣತೆ ಹೆಚ್ಚಿರುವಾಗ ನಡುವಿನ ಅಯಾನು ಸರಾಸರಿಯಾಗಿ ಕೇಂದ್ರದಲ್ಲಿಯೇ ಇರುತ್ತದೆ. ಕ್ಯೂರಿ ತಾಪ ಎಂದು ಕರೆಯುವ ಮಟ್ಟಕ್ಕಿಂತ ತಣಿದಾಗ ಅದು ಒಂದು ಬದಿಗೆ ಸರಿಯುತ್ತದೆ. ಧನ ಆವೇಶದ ಕೇಂದ್ರ ಒಂದು ಕಡೆ, ಋಣ ಆವೇಶದ ಕೇಂದ್ರ ಇನ್ನೊಂದು ಕಡೆ ಆಗುವುದರಿಂದ ಪ್ರತಿ ಪೆಟ್ಟಿಗೆಯೂ ಒಂದು ಕಿರು ವಿದ್ಯುತ್ ಧ್ರುವಯುಗ್ಮವಾಗುತ್ತದೆ. ಹೊರಗಿನ ವಿದ್ಯುತ್ ಕ್ಷೇತ್ರದಿಂದ ಈ ಧ್ರುವೀಕರಣದ ದಿಕ್ಕನ್ನು ತಿರುಗಿಸಲು ಸಾಧ್ಯವಾದರೆ ಆ ವಸ್ತು ಫೆರೋಎಲೆಕ್ಟ್ರಿಕ್. ಕಬ್ಬಿಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಬ್ಬಿಣದ ಕಾಂತೀಯ ವರ್ತನೆಯ ಹೋಲಿಕೆಯಿಂದ ಬಂದ ಹೆಸರಷ್ಟೆ. ಸೌರಫಲಕಗಳ ಸುದ್ದಿಯಲ್ಲಿ ಕೇಳಿಬರುವ ಪೆರೋವ್‌ಸ್ಕೈಟ್‌ಗಳಿಗೂ ಇದೇ ಜೋಡಣೆ ಇದೆ, ಆದರೆ ಅವು ಬೇರೆಯೇ ರಾಸಾಯನಿಕಗಳು. ಅವುಗಳಲ್ಲಿಯೂ ಸಾಮಾನ್ಯವಾಗಿ ಸೀಸ ಇರುವುದು ಕಾಕತಾಳೀಯವಾದರೂ ಗಮನಾರ್ಹ.

ಈ ಸರಿದಾಟದ ಗುಣದಿಂದ ಎರಡು ಉಪಯೋಗಗಳಿವೆ. ಮೊದಲನೆಯದು ಡೈಎಲೆಕ್ಟ್ರಿಕ್ ಗುಣ. ಹೊರಗಿನ ವೋಲ್ಟೇಜಿಗೆ ಅಯಾನುಗಳು ಸುಲಭವಾಗಿ ಸರಿಯುವುದರಿಂದ ವಸ್ತುವು ಹೆಚ್ಚು ಆವೇಶವನ್ನು ಹಿಡಿದಿಡಬಲ್ಲದು. ನಿರ್ವಾತದ ಡೈಎಲೆಕ್ಟ್ರಿಕ್ ಸ್ಥಿರಾಂಕ 1 ಎಂದಾದರೆ ನೀರಿನದು ಸುಮಾರು 80. ಬೇರಿಯಂ ಟೈಟನೇಟ್‌ನದು ಸಾವಿರಗಳಲ್ಲಿದೆ. ಎರಡನೆಯದು, 1880ರಲ್ಲಿ ಪಿಯೆರ್ ಮತ್ತು ಜಾಕ್ ಕ್ಯೂರಿ ಸಹೋದರರು ಬೇರೆ ಹರಳುಗಳಲ್ಲಿ ಕಂಡುಹಿಡಿದ ಪೀಜೋಎಲೆಕ್ಟ್ರಿಕ್ ಗುಣ. ಒತ್ತಿದರೆ ವಿದ್ಯುತ್ ಹುಟ್ಟುತ್ತದೆ, ವಿದ್ಯುತ್ ಕೊಟ್ಟರೆ ಆಕಾರ ಬದಲಾಗುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರ್ ಒತ್ತಿದಾಗ ಒಳಗಿನ ಸುತ್ತಿಗೆ ಬಡಿಯುವುದು ಇಂತಹದೇ ಸೆರಾಮಿಕ್ ತುಣುಕಿಗೆ. ಆ ಒಂದು ಹೊಡೆತಕ್ಕೆ ಸಾವಿರಾರು ವೋಲ್ಟ್ ಹುಟ್ಟಿ ಕಿಡಿ ಹಾರುತ್ತದೆ. ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ನಲ್ಲಿ ಎರಡೂ ದಿಕ್ಕಿನ ಕೆಲಸ ನಡೆಯುತ್ತದೆ: ವಿದ್ಯುತ್ ಸಂಕೇತಕ್ಕೆ ಸೆರಾಮಿಕ್ ಕಂಪಿಸಿ ಶ್ರವಣಾತೀತ ಧ್ವನಿಯನ್ನು ಕಳುಹಿಸುತ್ತದೆ, ಮರಳಿ ಬಂದ ಪ್ರತಿಧ್ವನಿಯ ಒತ್ತಡವನ್ನು ಮತ್ತೆ ವಿದ್ಯುತ್ತಾಗಿಸುತ್ತದೆ.

ಕೆಪಾಸಿಟರ್ ಸೀಸವನ್ನು ಬಿಟ್ಟದ್ದು ಹೇಗೆ

ವಿನಾಯಿತಿಯ ಹಳೆಯ ಪಠ್ಯವನ್ನು ಎಚ್ಚರದಿಂದ ಓದಿದವರಿಗೆ ಒಂದು ಸೂಕ್ಷ್ಮ ಕಾಣುತ್ತದೆ. ಗಾಜು ಅಥವಾ ಸೆರಾಮಿಕ್‌ನಲ್ಲಿ ಸೀಸವಿರುವ ಬಿಡಿಭಾಗಗಳಿಗೆ ಅದು ಅವಕಾಶ ಕೊಡುತ್ತದೆ, ಆದರೆ ಆವೇಶವನ್ನು ಹಿಡಿದಿಡುವ ಬಿಡಿಭಾಗಗಳಾದ ಕೆಪಾಸಿಟರ್‌ಗಳಲ್ಲಿನ ಡೈಎಲೆಕ್ಟ್ರಿಕ್ ಸೆರಾಮಿಕ್ ಅನ್ನು ಹೊರಗಿಡುತ್ತದೆ. ಕೆಪಾಸಿಟರ್‌ಗಳ ಪೈಕಿ ಹೆಚ್ಚಿನ ವೋಲ್ಟೇಜಿನವು ಮತ್ತು ಕೆಲವು ವಿಶೇಷ ಬಗೆಯವುಗಳಿಗಷ್ಟೇ ಪ್ರತ್ಯೇಕ ರಿಯಾಯಿತಿ ಇದೆ. ಅಂದರೆ ಒಂದೇ ಕುಟುಂಬದ ವಸ್ತುಗಳಲ್ಲಿ ಡೈಎಲೆಕ್ಟ್ರಿಕ್ ಕೆಲಸ ಮಾಡುವವು ಸೀಸದಿಂದ ಹೆಚ್ಚುಕಡಿಮೆ ಬಿಡುಗಡೆ ಪಡೆದಿವೆ, ಪೀಜೋಎಲೆಕ್ಟ್ರಿಕ್ ಕೆಲಸ ಮಾಡುವವು ಪಡೆದಿಲ್ಲ. ಇಡೀ ವಿವಾದದ ಕೀಲಿಕೈ ಈ ವ್ಯತ್ಯಾಸದಲ್ಲಿದೆ ಎಂಬುದು ಈ ಲೇಖನದ ವಾದ.

ಬೇರಿಯಂ ಟೈಟನೇಟ್‌ನ ಅಸಾಧಾರಣ ಗುಣಗಳು ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕ, ಜಪಾನ್ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ಪ್ರತ್ಯೇಕವಾಗಿ ಬೆಳಕಿಗೆ ಬಂದವು. ಇಂದು ಒಂದು ಸ್ಮಾರ್ಟ್‌ಫೋನ್‌ನಲ್ಲಿ ಸುಮಾರು ಸಾವಿರದಷ್ಟಿರುವ ಬಹುಪದರ ಕೆಪಾಸಿಟರ್‌ಗಳಲ್ಲಿ ಹೆಚ್ಚಿನವು ಇದರಿಂದಲೇ ಆಗಿವೆ. ಶುದ್ಧ ಬೇರಿಯಂ ಟೈಟನೇಟ್‌ನ ಸ್ಥಿರಾಂಕವು ಕ್ಯೂರಿ ತಾಪವಾದ ಸುಮಾರು 120 ಡಿಗ್ರಿ ಸೆಲ್ಸಿಯಸ್ ಬಳಿ ಶಿಖರದಂತೆ ಏರಿ ಇಳಿಯುತ್ತದೆ. ಉಷ್ಣತೆಯೊಂದಿಗೆ ಹೀಗೆ ಏರಿಳಿಯುವ ಕೆಪಾಸಿಟರ್ ಯಾರಿಗೂ ಬೇಡ. ಆದ್ದರಿಂದ ಅಲ್ಪ ಪ್ರಮಾಣದ ಬೆರಕೆಗಳನ್ನು ಸೇರಿಸಿ, ಪ್ರತಿ ಕಣದ ತಿರುಳು ಒಂದು ಬಗೆಯದಾಗಿಯೂ ಹೊರಪದರ ಇನ್ನೊಂದು ಬಗೆಯದಾಗಿಯೂ ಇರುವಂತೆ ಮಾಡಿ, ಆ ಶಿಖರವನ್ನು ತಟ್ಟಿ ಚಪ್ಪಟೆ ಮಾಡಿದರು. ಮೈನಸ್ 55ರಿಂದ 125 ಡಿಗ್ರಿಯವರೆಗೆ ಶೇ 15ರ ಏರುಪೇರಿನೊಳಗೆ ನಿಲ್ಲುವ ಕೆಪಾಸಿಟರ್‌ಗಳು ಹಾಗೆ ಹುಟ್ಟಿದವು.

ಸೀಸದ ಸ್ಪರ್ಧಿ ಇಲ್ಲಿಯೂ ಇತ್ತು. ಲೆಡ್ ಮೆಗ್ನೀಷಿಯಂ ನಿಯೋಬೇಟ್ ಆಧಾರಿತ ಕೆಪಾಸಿಟರ್‌ಗಳು ಒಂದು ಕಾಲಕ್ಕೆ ಭರವಸೆ ಮೂಡಿಸಿದ್ದವು. ಆದರೆ ದುಬಾರಿ ಪಲ್ಲಾಡಿಯಂ ಬದಲು ಅಗ್ಗದ ನಿಕಲ್ ಅನ್ನು ಪದರಗಳ ನಡುವಿನ ಎಲೆಕ್ಟ್ರೋಡ್ ಆಗಿ ಬಳಸುವ ವಿಧಾನ ಬಂದಾಗ ಚಿತ್ರ ಬದಲಾಯಿತು. ನಿಕಲ್ ತುಕ್ಕಾಗದಿರಲು ಆಮ್ಲಜನಕ ತೀರಾ ಕಡಿಮೆ ಇರುವ ಕುಲುಮೆಯಲ್ಲಿ ಬೇಯಿಸಬೇಕು. ಅಂತಹ ಕುಲುಮೆಯಲ್ಲಿ ಸೀಸದ ಆಕ್ಸೈಡ್ ಲೋಹವಾಗಿ ಬೇರ್ಪಟ್ಟುಬಿಡುತ್ತದೆ. ಬೇರಿಯಂ ಟೈಟನೇಟ್ ಆ ಬೆಂಕಿಯನ್ನು ತಾಳಿತು. ಹೀಗಾಗಿ ಕೆಪಾಸಿಟರ್‌ಗಳಲ್ಲಿ ಸೀಸವನ್ನು ಸೋಲಿಸಿದ್ದು ಕಾನೂನಿಗಿಂತ ಮೊದಲು ವೆಚ್ಚದ ಲೆಕ್ಕಾಚಾರ.

ಪೀಜೋ ಕೆಲಸಕ್ಕೆ ಅದೇ ವಸ್ತು ಏಕೆ ಸಾಲದು

ಕೆಪಾಸಿಟರ್‌ನೊಳಗಿನ ಕಣಗಳ ಧ್ರುವೀಕರಣ ಯಾವ ದಿಕ್ಕಿಗಿದ್ದರೂ ನಡೆಯುತ್ತದೆ. ಅದು ಅಕಸ್ಮಾತ್ ಕ್ಯೂರಿ ತಾಪವನ್ನು ದಾಟಿದರೂ ತಣಿದ ಮೇಲೆ ಮತ್ತೆ ಕೆಲಸ ಮಾಡುತ್ತದೆ. ಪೀಜೋ ಸೆರಾಮಿಕ್‌ಗೆ ಈ ಅನುಕೂಲವಿಲ್ಲ. ಅಸಂಖ್ಯ ಕಣಗಳ ಧ್ರುವೀಕರಣ ಅಡ್ಡಾದಿಡ್ಡಿಯಾಗಿದ್ದರೆ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕಿ ಒಟ್ಟು ಫಲ ಸೊನ್ನೆಯಾಗುತ್ತದೆ. ಆದ್ದರಿಂದ ತಯಾರಿಕೆಯ ಕೊನೆಯಲ್ಲಿ ಬಲವಾದ ವಿದ್ಯುತ್ ಕ್ಷೇತ್ರಕ್ಕೊಡ್ಡಿ ಸಾಧ್ಯವಾದಷ್ಟು ಧ್ರುವಗಳನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಇದಕ್ಕೆ ಪೋಲಿಂಗ್ ಎನ್ನುತ್ತಾರೆ. ಆ ನೆನಪನ್ನು ಸೆರಾಮಿಕ್ ವರ್ಷಗಟ್ಟಲೆ ಉಳಿಸಿಕೊಳ್ಳಬೇಕು. ಒಮ್ಮೆ ಕ್ಯೂರಿ ತಾಪ ದಾಟಿತೆಂದರೆ ನೆನಪು ಅಳಿಸಿಹೋಗಿ, ಬಿಡಿಭಾಗ ಮೊದಲಿನಂತೆಯೇ ಕಂಡರೂ ನಿಷ್ಪ್ರಯೋಜಕವಾಗುತ್ತದೆ. ಬೇರಿಯಂ ಟೈಟನೇಟ್‌ನ 120 ಡಿಗ್ರಿಯ ಮಿತಿ ಇಲ್ಲಿ ತೊಡಕಾಗುತ್ತದೆ: ಸತತವಾಗಿ ಕಂಪಿಸುವ ಸೆರಾಮಿಕ್ ತಾನೇ ಬಿಸಿಯಾಗುತ್ತದೆ, ಮೇಲಾಗಿ ಬೋರ್ಡಿಗೆ ಬೆಸೆಯುವಾಗಿನ ಶಾಖ ಆ ಮಿತಿಯನ್ನು ಬಹಳವಾಗಿ ಮೀರುತ್ತದೆ.

1950ರ ದಶಕದಲ್ಲಿ ಪಿಝೆಡ್‌ಟಿ ಬಂದದ್ದು ಈ ಕೊರತೆಯನ್ನು ತುಂಬಲು. ಟೋಕಿಯೊದಲ್ಲಿ ಶಿರಾನೆ, ಸವಾಗುಚಿ ಮೊದಲಾದವರು ಲೆಡ್ ಜಿರ್ಕೋನೇಟ್ ಮತ್ತು ಲೆಡ್ ಟೈಟನೇಟ್‌ಗಳ ಮಿಶ್ರಣವನ್ನು ಅಧ್ಯಯನ ಮಾಡಿದರು. 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಬರ್ನಾರ್ಡ್ ಜಾಫೆ ಮತ್ತು ಸಂಗಡಿಗರು, ಜಿರ್ಕೋನಿಯಂ ಮತ್ತು ಟೈಟೇನಿಯಂ ಸರಿಸುಮಾರು 52:48ರ ಅನುಪಾತದಲ್ಲಿದ್ದಾಗ ಪೀಜೋ ಗುಣ ಹಠಾತ್ತನೆ ಹೆಚ್ಚುವುದನ್ನು ತೋರಿಸಿದರು. ಆ ಅನುಪಾತದಲ್ಲಿ ಹರಳಿನ ಎರಡು ಬಗೆಯ ಆಕಾರಗಳ ನಡುವೆ ಒಂದು ಗಡಿ ಇದೆ. ಒಂದು ಕಡೆ ಪೆಟ್ಟಿಗೆ ಉದ್ದಕ್ಕೆ ಹಿಗ್ಗಿದ ಆಕಾರ, ಧ್ರುವೀಕರಣಕ್ಕೆ 6 ದಿಕ್ಕುಗಳು. ಇನ್ನೊಂದು ಕಡೆ ಮೂಲೆಯಿಂದ ಮೂಲೆಗೆ ಎಳೆದಂತಹ ಆಕಾರ, ಧ್ರುವೀಕರಣಕ್ಕೆ 8 ದಿಕ್ಕುಗಳು. ಗಡಿಯಲ್ಲಿ ಎರಡರ ಶಕ್ತಿಯೂ ಹೆಚ್ಚುಕಡಿಮೆ ಸಮವಾಗಿರುವುದರಿಂದ ಧ್ರುವೀಕರಣವು ಒಂದರಿಂದ ಇನ್ನೊಂದಕ್ಕೆ ಅತಿ ಕಡಿಮೆ ಪ್ರಯಾಸದಿಂದ ಹೊರಳುತ್ತದೆ. ಪೋಲಿಂಗ್ ಸುಲಭ, ಸಣ್ಣ ವೋಲ್ಟೇಜಿಗೂ ದೊಡ್ಡ ಸ್ಪಂದನೆ. ಈ ಗಡಿಯಲ್ಲಿ ಎರಡನ್ನೂ ಬೆಸೆಯುವ ಮೂರನೆಯ, ಇನ್ನೂ ಕಡಿಮೆ ಸಮಮಿತಿಯ ರಚನೆಯೊಂದಿದೆ ಎಂಬುದನ್ನು ಬೀಟ್ರಿಸ್ ನೊಹೆಡಾ ಮತ್ತು ಸಂಗಡಿಗರು 1999ರಲ್ಲಿ ಪತ್ತೆ ಮಾಡಿದರು.

ಇದರಲ್ಲಿ ಸೀಸದ ಪಾತ್ರವೇನು? ಸೀಸದ ಅಯಾನಿನ ಹೊರಕವಚದಲ್ಲಿ ಬಂಧಕ್ಕೆ ಪೂರ್ತಿ ಒಪ್ಪಿಸಿಕೊಳ್ಳದ ಒಂದು ಎಲೆಕ್ಟ್ರಾನ್ ಜೋಡಿ ಇರುತ್ತದೆ. ಅದು ಒಂದು ಬದಿಗೆ ವಾಲಿ ಆಮ್ಲಜನಕದೊಂದಿಗೆ ನಂಟು ಬೆಳೆಸುವುದರಿಂದ ಮೂಲೆಯಲ್ಲಿರುವ ಸೀಸವೂ ಕೇಂದ್ರ ತಪ್ಪುತ್ತದೆ. ಬೇರಿಯಂಗೆ ಅಂತಹ ಜೋಡಿ ಇಲ್ಲ. ಅದು ಬಹುಮಟ್ಟಿಗೆ ತನ್ನ ಜಾಗದಲ್ಲಿ ಸುಮ್ಮನಿರುತ್ತದೆ. ಈ ವ್ಯತ್ಯಾಸವನ್ನು ರೊನಾಲ್ಡ್ ಕೋಹೆನ್ 1992ರಲ್ಲಿ ಕ್ವಾಂಟಂ ಲೆಕ್ಕಾಚಾರದಿಂದ ಸ್ಪಷ್ಟಪಡಿಸಿದರು. ಬೇರಿಯಂ ಟೈಟನೇಟ್‌ನ ಪೆಟ್ಟಿಗೆ ಉದ್ದಕ್ಕೆ ಸುಮಾರು ಶೇ 1ರಷ್ಟು ಹಿಗ್ಗಿದರೆ ಲೆಡ್ ಟೈಟನೇಟ್‌ನದು ಶೇ 6ರಷ್ಟು ಹಿಗ್ಗುತ್ತದೆ, ಅದರ ಕ್ಯೂರಿ ತಾಪ ಸುಮಾರು 490 ಡಿಗ್ರಿ. ಜಿರ್ಕೋನೇಟ್ ಬೆರೆಸಿದ ಮೇಲೂ 350 ಡಿಗ್ರಿಯ ಆಸುಪಾಸಿನಲ್ಲಿ ಉಳಿಯುತ್ತದೆ. ಹೊರಳುವ ಸಡಿಲತೆ ಮತ್ತು ಶಾಖವನ್ನು ತಾಳುವ ಗಟ್ಟಿತನ ಸಾಮಾನ್ಯವಾಗಿ ಒಂದೆಡೆ ಸೇರುವುದಿಲ್ಲ. ಪಿಝೆಡ್‌ಟಿಯಲ್ಲಿ ಅವು ಸೇರಿವೆ.

ಬದಲಿ ವಸ್ತುಗಳು ಎಲ್ಲಿಗೆ ಬಂದಿವೆ

ಪೀಜೋ ಗುಣಾಂಕವನ್ನು ಪ್ರತಿ ನ್ಯೂಟನ್ ಬಲಕ್ಕೆ ಎಷ್ಟು ಪಿಕೊಕೂಲಂಬ್ ಆವೇಶ ಹುಟ್ಟುತ್ತದೆ ಎಂಬುದರಿಂದ ಅಳೆಯುತ್ತಾರೆ. ಬೇರಿಯಂ ಟೈಟನೇಟ್‌ನದು ಸುಮಾರು 190. ಪಿಝೆಡ್‌ಟಿಯ ‘ಮೃದು’ ಬಗೆಗಳಲ್ಲಿ ಇದು 370ರಿಂದ 600ರವರೆಗೆ ಇದೆ. 2004ರಲ್ಲಿ ಜಪಾನಿನ ಟೊಯೊಟಾ ಸಂಶೋಧನಾ ಕೇಂದ್ರ ಮತ್ತು ಡೆನ್ಸೊ ಸಂಸ್ಥೆಯ ತಂಡವು ಪೊಟ್ಯಾಸಿಯಂ ಸೋಡಿಯಂ ನಿಯೋಬೇಟ್ ಆಧಾರಿತ, ಕಣಗಳನ್ನು ಒಂದೇ ದಿಕ್ಕಿಗೆ ಜೋಡಿಸಿದ ಸೆರಾಮಿಕ್‌ನಲ್ಲಿ 416 ಸಾಧಿಸಿದಾಗ ಜಗತ್ತಿನ ಪ್ರಯೋಗಾಲಯಗಳೆಲ್ಲ ಅತ್ತ ತಿರುಗಿದವು. 2009ರಲ್ಲಿ ಕ್ಯಾಲ್ಸಿಯಂ ಮತ್ತು ಜಿರ್ಕೋನಿಯಂ ಬೆರೆಸಿದ ಬೇರಿಯಂ ಟೈಟನೇಟ್‌ನಲ್ಲಿ ಲಿಯು ಮತ್ತು ರೆನ್ 620 ತಲುಪಿದರು.

ಈ ಅಂಕಿಗಳನ್ನು ಮಾತ್ರ ನೋಡಿದರೆ ಸಮಸ್ಯೆ ಮುಗಿದಂತೆ ಕಾಣುತ್ತದೆ. ವಿನಾಯಿತಿಯನ್ನು ವಿರೋಧಿಸುವವರು ಇವನ್ನೇ ಮುಂದಿಡುತ್ತಾರೆ. ಆದರೆ 620 ಕೊಟ್ಟ ವಸ್ತುವಿನ ಕ್ಯೂರಿ ತಾಪ ಸುಮಾರು 93 ಡಿಗ್ರಿ. ಓಡುತ್ತಿರುವ ವಾಹನದ ಎಂಜಿನ್ ಕೋಣೆಯಲ್ಲಿ ಅದು ಉಳಿಯಲಾರದು. ನಿಯೋಬೇಟ್‌ನ ತೊಡಕು ಇನ್ನೂ ಸೂಕ್ಷ್ಮವಾದದ್ದು. ಪಿಝೆಡ್‌ಟಿಯಲ್ಲಿ ಎರಡು ಆಕಾರಗಳ ನಡುವಿನ ಗಡಿ ಮುಖ್ಯವಾಗಿ ಅನುಪಾತವನ್ನು ಅವಲಂಬಿಸಿದೆ, ಉಷ್ಣತೆ ಬದಲಾದರೂ ಗಡಿ ಹೆಚ್ಚು ಕದಲುವುದಿಲ್ಲ. ನಿಯೋಬೇಟ್‌ನಲ್ಲಿ ಅಂತಹ ಗಡಿ ಉಷ್ಣತೆಯನ್ನೇ ಅವಲಂಬಿಸಿದೆ. ಶುದ್ಧ ರೂಪದಲ್ಲಿ 200 ಡಿಗ್ರಿಯ ಬಳಿ ಇರುವ ರೂಪಾಂತರವನ್ನು ಬೆರಕೆಗಳಿಂದ ಕೋಣೆಯ ಉಷ್ಣತೆಗೆ ಇಳಿಸಿದಾಗ ಅಲ್ಲಿ ಸ್ಪಂದನೆ ಹೆಚ್ಚುತ್ತದೆ; ಉಷ್ಣತೆ ಸ್ವಲ್ಪ ಏರಿದರೆ ಅಥವಾ ಇಳಿದರೆ ಅದೇ ಸ್ಪಂದನೆ ಕುಸಿಯುತ್ತದೆ. ಬೆಳಗಿನ ಚಳಿಯಲ್ಲೂ ಮಧ್ಯಾಹ್ನದ ಬಿಸಿಲಲ್ಲೂ ಒಂದೇ ಅಳತೆ ಕೊಡಬೇಕಾದ ಉಪಕರಣಕ್ಕೆ ಇದು ದೊಡ್ಡ ಕೊರತೆ. ಬೇಯಿಸುವಾಗ ಪೊಟ್ಯಾಸಿಯಂ ಮತ್ತು ಸೋಡಿಯಂ ಆವಿಯಾಗಿ ಅನುಪಾತ ತಪ್ಪುವುದು, ಕಚ್ಚಾ ಪುಡಿ ತೇವವನ್ನು ಹೀರುವುದು ಕಾರ್ಖಾನೆಯ ತಲೆನೋವುಗಳು.

ಮೂರನೆಯ ಕುಟುಂಬವಾದ ಬಿಸ್ಮತ್ ಸೋಡಿಯಂ ಟೈಟನೇಟ್ ಸಣ್ಣ ಸಂಕೇತಗಳಲ್ಲಿ ಹಿಂದುಳಿದರೂ ಹೆಚ್ಚು ಶಕ್ತಿಯ ಕಂಪನದಲ್ಲಿ ಕಡಿಮೆ ಬಿಸಿಯಾಗುವುದರಿಂದ, ಶ್ರವಣಾತೀತ ಶುಚಿಕಾರಕಗಳಂತಹ ಕಡೆ ಪಿಝೆಡ್‌ಟಿಗೆ ನಿಜವಾದ ಪೈಪೋಟಿ ಕೊಡಬಲ್ಲದು. ಬದಲಿ ಇದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎನ್ನುವುದು ಇಲ್ಲಿಗೆ ಸ್ಪಷ್ಟ.

ವಾದ, ಪ್ರತಿವಾದ ಮತ್ತು ಕಾನೂನಿನ ಅಳತೆಗೋಲು

ಪರಿಸರವಾದಿಗಳ ಆಕ್ಷೇಪ ಹಗುರವಾದುದಲ್ಲ. ವಿನಾಯಿತಿಗಳನ್ನು ತಾತ್ಕಾಲಿಕವೆಂದು ರೂಪಿಸಲಾಗಿತ್ತು, ಆದರೆ ನವೀಕರಣ ರೂಢಿಯಾಗಿಬಿಟ್ಟಿದೆ. ಪೀಜೋ ಸೆರಾಮಿಕ್‌ಗಳನ್ನು ಒಳಗೊಂಡ ಹಳೆಯ ವಿನಾಯಿತಿ ಬಹುತೇಕ ಉಪಕರಣಗಳ ಮಟ್ಟಿಗೆ 2021ರ ಜುಲೈ 21ಕ್ಕೆ ಮುಗಿಯಬೇಕಿತ್ತು. ಅವಧಿಗೆ 18 ತಿಂಗಳು ಮೊದಲೇ ಅರ್ಜಿ ಸಲ್ಲಿಸಿದರೆ ತೀರ್ಮಾನ ಬರುವವರೆಗೆ ಹಳೆಯದೇ ಮುಂದುವರಿಯುತ್ತದೆ ಎಂಬ ನಿಯಮವಿರುವುದರಿಂದ, ತೀರ್ಮಾನದ ವಿಳಂಬವೇ ವರ್ಷಗಟ್ಟಲೆ ವಿನಾಯಿತಿಯಾಗಿ ಪರಿಣಮಿಸಿತು. ಗಡುವು ಗಟ್ಟಿಯಾಗಿಲ್ಲದಿದ್ದರೆ ಬದಲಿ ವಸ್ತುವಿಗೆ ಬಂಡವಾಳ ಹೂಡುವ ಕಂಪನಿ ನಷ್ಟಕ್ಕೊಳಗಾಗುತ್ತದೆ, ಕಾದು ಕುಳಿತ ಕಂಪನಿ ಲಾಭ ಪಡೆಯುತ್ತದೆ.

ಜಗತ್ತಿನ ಸೀಸದ ಬಹುಪಾಲು ಹೋಗುವುದು ಬ್ಯಾಟರಿಗಳಿಗೆ. ಪೀಜೋ ಸೆರಾಮಿಕ್‌ಗಳ ಪಾಲು ಅತ್ಯಲ್ಪ. ಅದೂ ಗಟ್ಟಿ ಹರಳಿನೊಳಗೆ ಬಂಧಿತವಾಗಿರುವುದರಿಂದ ಬಳಸುವವರಿಗೆ ತಗಲುವುದಿಲ್ಲ. ವೈದ್ಯಕೀಯ ಉಪಕರಣದ ಒಂದು ವಸ್ತು ಬದಲಿಸಿದರೆ ಇಡೀ ಪರೀಕ್ಷೆ ಮತ್ತೆ ಆಗಬೇಕು. ಇವು ಉದ್ಯಮದ ಉತ್ತರಗಳು. ಬಳಕೆಯ ಹಂತದ ಮಟ್ಟಿಗೆ ಅವು ಸರಿ. ಅಪಾಯವಿರುವುದು ಅದರ ಮೊದಲು ಮತ್ತು ನಂತರ: ಸೀಸದ ಆಕ್ಸೈಡ್ ಪುಡಿಯನ್ನು ಅರೆದು, ಬೆರೆಸಿ, ಆವಿಯೇಳುವ ಉಷ್ಣತೆಯಲ್ಲಿ ಬೇಯಿಸುವ ಕಾರ್ಮಿಕರಿಗೆ, ಮತ್ತು ಹಳೆಯ ಉಪಕರಣವನ್ನು ಒಡೆದು ಸುಡುವವರಿಗೆ. ಉದ್ಯಮದ ವಾದದಲ್ಲಿ ಈ ಎರಡು ತುದಿಗಳು ಸಾಕಷ್ಟು ಕಾಣಿಸುವುದಿಲ್ಲ ಎಂಬುದು ಅದರ ದೌರ್ಬಲ್ಯ.

ಕಾನೂನು ತನ್ನದೇ ಅಳತೆಗೋಲನ್ನು ಇಟ್ಟುಕೊಂಡಿದೆ. ಬದಲಿ ತಾಂತ್ರಿಕವಾಗಿ ಅಸಾಧ್ಯವಾಗಿದ್ದರೆ, ಬದಲಿಯ ವಿಶ್ವಾಸಾರ್ಹತೆ ಖಚಿತವಿಲ್ಲದಿದ್ದರೆ, ಅಥವಾ ಬದಲಿಯಿಂದ ಪರಿಸರ ಮತ್ತು ಆರೋಗ್ಯಕ್ಕೆ ಆಗುವ ಒಟ್ಟು ಹಾನಿ ಲಾಭವನ್ನು ಮೀರುವುದಾದರೆ ವಿನಾಯಿತಿ ಕೊಡಬಹುದು. ಮೂರನೆಯ ಷರತ್ತು ಕುತೂಹಲಕಾರಿ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ತಂಡ 2016ರಲ್ಲಿ ಪಿಝೆಡ್‌ಟಿ ಮತ್ತು ನಿಯೋಬೇಟ್‌ಗಳನ್ನು ಗಣಿಯಿಂದ ಮೊದಲ್ಗೊಂಡು ಹೋಲಿಸಿ, ನಿಯೋಬಿಯಂನ ಗಣಿಗಾರಿಕೆ ಮತ್ತು ಶುದ್ಧೀಕರಣದ ಹೊರೆಯಿಂದಾಗಿ ನಿಯೋಬೇಟ್ ತಾನಾಗಿಯೇ ಹಸಿರು ವಸ್ತುವಾಗುವುದಿಲ್ಲ ಎಂದು ತೋರಿಸಿತು. ಜಗತ್ತಿನ ನಿಯೋಬಿಯಂನಲ್ಲಿ ಸಿಂಹಪಾಲು ಬ್ರೆಜಿಲ್ ಒಂದರಿಂದಲೇ ಬರುತ್ತದೆ. ಬಿಸ್ಮತ್ ಬಹಳಷ್ಟು ಸಲ ಸೀಸದ ಶುದ್ಧೀಕರಣದ ಉಪೋತ್ಪನ್ನ. ಸೀಸವನ್ನು ಬಿಡಲು ಆರಿಸಿಕೊಂಡ ಲೋಹ ಸೀಸದ ಕುಲುಮೆಯಿಂದಲೇ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಧಿಯಿಲ್ಲ. ಆದರೆ ಇಂತಹ ಅಧ್ಯಯನಗಳು ಸೀಸಕ್ಕೆ ಕೊಟ್ಟ ನಿರ್ದೋಷಿ ಪ್ರಮಾಣಪತ್ರಗಳಲ್ಲ. ಒಂದು ಮಗುವಿನ ಮಿದುಳಿಗೆ ಸೀಸದಿಂದಾಗುವ ಹಾನಿಯನ್ನು ಕುಲುಮೆಯ ಇಂಧನದ ಲೆಕ್ಕದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವಾಗ ಎಚ್ಚರ ಬೇಕು.

ಮುಂದೆ ಆಗಬಹುದಾದದ್ದು

ಹೊಸ ಪರಿಷ್ಕರಣೆಯಲ್ಲಿ ಗಾಜು ಮತ್ತು ಸೆರಾಮಿಕ್‌ಗಳನ್ನು ಒಟ್ಟಿಗೆ ಕಟ್ಟಿದ್ದ ಹಳೆಯ ಒಂದೇ ನಮೂದನ್ನು ಬಿಡಿಸಿ, ವಸ್ತು ಮಾಡುವ ಕೆಲಸಕ್ಕೆ ತಕ್ಕಂತೆ ಬೇರೆ ನಮೂದುಗಳನ್ನು ಮಾಡಲಾಗಿದೆ. ವಿನಾಯಿತಿ ಮುಂದುವರಿಯಿತು ಎಂಬ ಸುದ್ದಿಗಿಂತ ಇದು ಹೆಚ್ಚು ಮಹತ್ವದ ಬದಲಾವಣೆ. ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ ಪೀಜೋ ಸೆರಾಮಿಕ್‌ಗಳನ್ನೂ ಬಳಕೆಯ ಪ್ರಕಾರ ವಿಂಗಡಿಸುವುದು ಸೂಕ್ತ. ಬಜರ್‌ಗಳು, ಗಾಳಿಗೆ ತೇವ ಸೇರಿಸುವ ಮನೆಬಳಕೆಯ ಆರ್ದ್ರಕಗಳು, ಶುಚಿಕಾರಕಗಳಂತಹ ಕಡೆ ಉಷ್ಣತೆಯ ವ್ಯಾಪ್ತಿ ಕಿರಿದು, ನಿಖರತೆಯ ಬೇಡಿಕೆ ಕಡಿಮೆ. ಅಲ್ಲಿ ಗಟ್ಟಿಯಾದ ಗಡುವು ಹಾಕಬಹುದು. ವೈದ್ಯಕೀಯ ಚಿತ್ರಣದ ಪ್ರೋಬ್‌ಗಳು ಸಾಲಿನ ಕೊನೆಯಲ್ಲಿರುತ್ತವೆ. 5 ಮೆಗಾಹರ್ಟ್ಸ್‌ನ ಪ್ರೋಬ್‌ನಲ್ಲಿ ಸೆರಾಮಿಕ್‌ನ ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ಅದನ್ನು ನೂರಾರು ಕಡ್ಡಿಗಳಾಗಿ ಸೀಳಿದಾಗ ಪ್ರತಿ ಕಡ್ಡಿಯೂ ಒಂದೇ ರೀತಿ ಸ್ಪಂದಿಸದಿದ್ದರೆ ಚಿತ್ರ ಮಸುಕಾಗುತ್ತದೆ. ವಾಹನಗಳಿಗೆ ಐರೋಪ್ಯ ಒಕ್ಕೂಟದಲ್ಲಿ ಬೇರೆ ಕಾನೂನು ಇದ್ದು, ಅಲ್ಲಿಯೂ ಪೀಜೋ ಭಾಗಗಳಿಗೆ ಇದೇ ಬಗೆಯ ವಿನಾಯಿತಿ ಇದೆ. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್‌ನಂತಹ ರಕ್ಷಣಾ ಉಪಕರಣಗಳು ರೋಹ್ಸ್ ವ್ಯಾಪ್ತಿಗೇ ಬರುವುದಿಲ್ಲ.

ಭಾರತದ ಮಟ್ಟಿಗೆ

ಭಾರತದ ಇ-ತ್ಯಾಜ್ಯ ನಿಯಮಗಳೂ ಸೀಸಕ್ಕೆ ಶೇ 0.1ರ ಮಿತಿಯನ್ನೇ ಹಾಕಿವೆ, ಯುರೋಪಿನದನ್ನು ಬಹುವಾಗಿ ಹೋಲುವ ವಿನಾಯಿತಿ ಪಟ್ಟಿಯನ್ನೂ ಇಟ್ಟುಕೊಂಡಿವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳು ವೈದ್ಯಕೀಯ ಉಪಕರಣಗಳನ್ನೂ ಒಳಗೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಸ್ತುವಿಜ್ಞಾನಿಗಳು ಸೀಸವಿರುವ ಮತ್ತು ಸೀಸರಹಿತ ಪೀಜೋ ಸೆರಾಮಿಕ್‌ಗಳೆರಡರ ಮೇಲೂ ದೀರ್ಘಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಸೋನಾರ್‌ಗಳನ್ನು ತಯಾರಿಸುವ ಬಿಇಎಲ್‌ನ ಕೇಂದ್ರ ಕಚೇರಿಯೂ ಇದೇ ನಗರದಲ್ಲಿದೆ. ಅರಿವಿನ ಕೊರತೆ ಇಲ್ಲಿಲ್ಲ.

ಕೊರತೆ ಇರುವುದು ಉಪಕರಣದ ಆಯುಷ್ಯ ಮುಗಿದ ಮೇಲಿನ ವ್ಯವಸ್ಥೆಯಲ್ಲಿ. ಯುರೋಪಿನ ವಿನಾಯಿತಿ ಅಲ್ಲಿನ ಸಂಘಟಿತ ಸಂಗ್ರಹವನ್ನು ನಂಬಿ ನಿಂತಿದೆ. ನಮ್ಮಲ್ಲಿ ಹಳೆಯ ಎಲೆಕ್ಟ್ರಾನಿಕ್ಸ್‌ನ ದೊಡ್ಡ ಭಾಗ ಇಂದಿಗೂ ಗುಜರಿ ಅಂಗಡಿಗಳ ಮೂಲಕ ಸಾಗಿ, ಕೈಗವಸೂ ಇಲ್ಲದವರ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ. ಹೊಸ ನಿಯಮಗಳಡಿ ಮರುಬಳಕೆದಾರರಿಗೆ ಪ್ರಮಾಣಪತ್ರ ದೊರೆಯುತ್ತಿರುವುದು ಚಿನ್ನ, ತಾಮ್ರ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಲೆಕ್ಕದಲ್ಲಿ. ಪ್ರೋಬ್‌ನ ತುದಿಯಲ್ಲಿರುವ ಸೆರಾಮಿಕ್ ತುಣುಕನ್ನು ಬೇರ್ಪಡಿಸಿ ಇಡುವವನಿಗೆ ಅದರಿಂದ ಏನೂ ಸಿಗುವುದಿಲ್ಲ, ಆದ್ದರಿಂದ ಅದು ಉಳಿದ ಕಸದೊಂದಿಗೆ ಹೋಗುತ್ತದೆ. ಹೀಗೆ ಯುರೋಪಿನ ವಿನಾಯಿತಿಯನ್ನು ನಕಲು ಮಾಡಿ, ಅದನ್ನು ಸಹ್ಯವಾಗಿಸುವ ಸಂಗ್ರಹ ವ್ಯವಸ್ಥೆಯನ್ನು ಬಿಟ್ಟುಬಿಟ್ಟಂತಾಗಿದೆ.

ಇದನ್ನು ಸರಿಪಡಿಸಲು ಸ್ಕ್ಯಾನಿಂಗ್ ಯಂತ್ರಗಳಿಂದಲೇ ಆರಂಭಿಸುವುದು ಕಾರ್ಯಸಾಧ್ಯ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಸ್ಕ್ಯಾನಿಂಗ್ ಕೇಂದ್ರಗಳು ನೋಂದಣಿ ಮಾಡಿಸಿಕೊಳ್ಳಲೇಬೇಕು, ಅಲ್ಲಿರುವ ಯಂತ್ರಗಳ ವಿವರ ಜಿಲ್ಲಾ ಪ್ರಾಧಿಕಾರದ ಬಳಿ ಇರುತ್ತದೆ. ಬೇರೆ ಯಾವ ಪೀಜೋ ಉಪಕರಣಕ್ಕೂ ಇಷ್ಟು ಸಿದ್ಧವಾದ ದಾಖಲೆ ಇಲ್ಲ. ಯಂತ್ರವನ್ನು ವಿಲೇವಾರಿ ಮಾಡುವಾಗ ಅದರ ಪ್ರೋಬ್‌ಗಳನ್ನು ತಯಾರಕರಿಗೆ ಅಥವಾ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿದ ರಸೀದಿಯನ್ನು ಅದೇ ದಾಖಲೆಗೆ ಲಗತ್ತಿಸಬೇಕೆಂದು ಒಂದು ಸಾಲು ಸೇರಿಸಿದರೆ, ಆ ಸೆರಾಮಿಕ್ ತುಣುಕುಗಳು ಎಲ್ಲಿ ಹೋದವು ಎಂಬ ಲೆಕ್ಕ ಮೊದಲ ಬಾರಿಗೆ ಸಿಗುತ್ತದೆ.